ಫೋಟೋಕ್ಕೆ ಮಾಲೆ, ಕಲ್ಲಿಗೆ ಸುಣ್ಣ

ಬೆಂಗಳೂರು ಕಡೆಯ ಗೆಳೆಯರು ಸಿಕ್ಕಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಎಂ.ಎಂ. ಕಲಬುರ್ಗಿ ನಿಮ್ಮ ಕಡೆಯವರೇ ಅಲ್ವಾ?’ ಅಲ್ಲ. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ ಹುಟ್ಟಿದ್ದು ೧೯೩೮ರ ನವೆಂಬರ್ ೨೮ರಂದು, ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ. ದುಡಿದದ್ದು, ಮನೆ ಕಟ್ಟಿದ್ದು, ಆ ಮನೆಯಲ್ಲೇ ಗುಂಡೇಟಿಗೆ ಬಿದ್ದದ್ದು ಧಾರವಾಡದಲ್ಲಿ. ಕಲಬುರ್ಗಿ ಎನ್ನುವುದು ಅಡ್ಡಹೆಸರು, ಅಷ್ಟೆ.

ಆದರೂ ಕಲಬುರಗಿ ಕಡೆಯ ಕೊಡ್ಲಿಯವನಾದ ನನಗೆ ‘ಅಲ್ಲ’ ಅಂದು ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಅವರು ಡಾಕ್ಟರೇಟ್‌ಗೆ ಎತ್ತಿಕೊಂಡ ವಿಷಯ ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ. ಆ ಗ್ರಂಥ ಹುಟ್ಟಿದ ನೃಪತುಂಗನ ಆಸ್ಥಾನ ಮಾನ್ಯಖೇಟದ್ದು. ಮಾನ್ಯಖೇಟ ಎಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡ, ಸೇಡಂ ತಾಲೂಕು. ಮುಂದೆ ತಮ್ಮ ಸಂಶೋಧನ ಲೇಖನಗಳ ಸಂಪುಟಗಳಿಗೂ ಅವರು ‘ಮಾರ್ಗ’ ಎಂದೇ ಹೆಸರಿಟ್ಟರು. ಅದರ ನಾಲ್ಕನೆಯ ಸಂಪುಟಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಾಗಿ ನಾನು ಹೇಳುವುದಿಷ್ಟು: ಅವರು ನಮ್ಮೂರಿನವರಲ್ಲ, ಆದರೆ ಅವರ ಮಾರ್ಗ ನಮ್ಮೂರಿನ ಮೇಲಿಂದಲೇ ಹಾಯ್ದು ಹೋಗಿದೆ.

ಪ್ರತಿ ವರ್ಷ ಅವರ ಹತ್ಯೆಯಾದ ಆಗಸ್ಟ್ ೩೦ ಬಂದಾಗ ಕಲಬುರಗಿ, ಸೇಡಂ, ಚಿತ್ತಾಪುರ ಕಡೆ ಅಲ್ಲಲ್ಲಿ ಸಭೆ ಆಗುತ್ತವೆ. ಅಂಥ ಎಷ್ಟೋ ಸಭೆಗಳ ಹಿಂದಿನ ಸಾಲಿನಲ್ಲಿ ನಾನು ಕೂತಿದ್ದೇನೆ. ಒಂದು ಫ್ಲೆಕ್ಸು, ಸ್ಟೂಲಿನ ಮೇಲೆ ಒಂದು ಫೋಟೋ, ಅದಕ್ಕೊಂದು ಮಾಲೆ. ಎರಡು ನಿಮಿಷದ ಮೌನ ಒಂದೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಮೈಕು. ವೇದಿಕೆಯ ಮೇಲಿನವರೆಲ್ಲ ಗುಂಡಿನ ಬಗ್ಗೆ ಮಾತಾಡುತ್ತಾರೆ. ಹೋದ ಸಲ ನಾನು ಬೇಕೆಂದೇ ಎಣಿಸುತ್ತ ಕೂತೆ. ಐದು ಜನ ಭಾಷಣ ಮಾಡಿದರು. ಕಲಬುರ್ಗಿಯವರ ಒಂದು ಪುಸ್ತಕದ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಚಹಾ ಕುಡಿಯುವಾಗ ಒಬ್ಬ ಹುಡುಗ ಮಾತ್ರ ಬಂದು, ‘ಸರ, ಅವರು ಖರೇನ ಏನು ಬರದಾರ್ರಿ?’ ಅಂತ ಕೇಳಿದ. ಆ ಇಡೀ ದಿನ ಕಿವಿಗೆ ಬಿದ್ದ ಕೆಲಸದ ಪ್ರಶ್ನೆ ಅದೊಂದೇ.

ಚರಿತ್ರೆ ಬರೆಯುತ್ತಲೇ ಬೀದಿಗಿಳಿದವರನ್ನು, ಬರೆದದ್ದಕ್ಕಾಗಿ ಬೀದಿಯನ್ನೇ ಎದುರುಹಾಕಿಕೊಂಡವರನ್ನು, ಸತ್ತ ಮೇಲೆ ನೆನೆಯುವುದು ಹೇಗೆ? ಸತ್ತ ಕವಿಯನ್ನು ಹಾಡಿ ನೆನೆಯಬಹುದು, ಹೋರಾಟಗಾರನನ್ನು ಮೆರವಣಿಗೆ ಮಾಡಿ ನೆನೆಯಬಹುದು. ಇತಿಹಾಸಕಾರನ ಕೆಲಸ ಪುರಾವೆ, ವಾದ, ತಿದ್ದುಪಡಿ. ಅವನ್ನು ಹಾಡಲಾಗದು, ಹೊತ್ತು ಮೆರೆಸಲಾಗದು. ಈ ಪೇಚಿಗೆ ಕನ್ನಡನಾಡು ಕಂಡುಕೊಂಡ ದಾರಿಗಳು ಹಲವಾರು. ನನ್ನ ಲೆಕ್ಕದಲ್ಲಿ ಹೆಚ್ಚಿನವು ಅಡ್ಡದಾರಿಗಳು.

ಮೊದಲನೆಯದು ಬಿರುದು. ಆಲೂರು ವೆಂಕಟರಾಯರ ಉದಾಹರಣೆ ನೋಡಿ. ೧೮೮೦ರಲ್ಲಿ ಹುಟ್ಟಿ ೧೯೬೪ರ ಫೆಬ್ರುವರಿ ೨೫ರಂದು ತೀರಿಕೊಂಡ ಈ ವಕೀಲರು ಚರಿತ್ರೆಯನ್ನೇ ಚಳವಳಿಯ ಮದ್ದು ಮಾಡಿಕೊಂಡವರು. ೧೯೦೫ರಲ್ಲಿ ಹಂಪಿಯ ಹಾಳು ಕಂಡು ಎದೆ ಕಲಕಿ, ಹನ್ನೆರಡು ವರ್ಷ ಸಾಮಗ್ರಿ ಕೂಡಿಸಿ, ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ತಂದರು. ಮುಂಬಯಿ ಪ್ರಾಂತ, ನಿಜಾಮರ ರಾಜ್ಯ, ಮೈಸೂರು, ಮದ್ರಾಸು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ ನಿಮಗೂ ಒಂದು ಹಿಂದಿತ್ತು ಎಂದು ತೋರಿಸಿದ ಪುಸ್ತಕ ಅದು. ನಿಜಾಮರ ಕಾಲದ ನಮ್ಮ ಸೇಡಂ, ಚಿಂಚೋಳಿ ಸೀಮೆಯಲ್ಲಿ ಕನ್ನಡ ಕಲಿಯಲು ಸಾಲೆಗಳೇ ವಿರಳವಾಗಿದ್ದವು. ಅಂಥ ಸೀಮೆಯ ಮಳಖೇಡವನ್ನು ಇಡೀ ಕನ್ನಡನಾಡಿನ ಹೆಮ್ಮೆಯೊಳಕ್ಕೆ ಎಳೆದು ತಂದವರಲ್ಲಿ ಆಲೂರರು ಮುಂದಿನ ಸಾಲಿನವರು.

ನಾವು ಅವರಿಗೆ ಕೊಟ್ಟದ್ದೇನು? ಕನ್ನಡದ ಕುಲಪುರೋಹಿತ ಎಂಬ ಬಿರುದು. ಬಿರುದು ದೊಡ್ಡದಾಯಿತು, ಪುಸ್ತಕ ಸಣ್ಣದಾಯಿತು. ಗತವೈಭವ ಇವತ್ತು ಓದಿದರೆ ಜಗಳವಾಡಲು ಬೇಕಾದಷ್ಟಿದೆ: ವೈಭವದ ಕಡೆಗೇ ನೆಟ್ಟ ಕಣ್ಣು, ರಾಜರ ಸಾಲು, ಹೊಲ ಉತ್ತವರು ಮತ್ತು ಕಲ್ಲು ಒಡೆದವರು ಕಾಣದಿರುವುದು. ಆದರೆ ಪುರೋಹಿತರ ಜೊತೆ ಯಾರು ಜಗಳವಾಡುತ್ತಾರೆ? ನವೆಂಬರ್ ಒಂದಕ್ಕೆ ಕೈಮುಗಿದರೆ ಆಯಿತು.

ಎರಡನೆಯದು ಹೆಸರಿಡುವುದು. ಸರಕಾರಕ್ಕೆ ಇದು ಬಲು ಹಗುರದ ಕೆಲಸ. ೨೦೧೪ರ ನವೆಂಬರ್ ಒಂದಕ್ಕೆ ಗುಲ್ಬರ್ಗಾ ಕಲಬುರಗಿ ಆಯಿತು. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಬದಲಾದದ್ದು ನನಗೂ ಖುಷಿಯೇ. ಆದರೆ ಕಲ್ಯಾಣ ಎಂಬ ಹೆಸರಿನ ಹಿಂದಿರುವ ಶರಣರ ಕಾಲದ ಬಗ್ಗೆ ಜೀವಮಾನವಿಡೀ ಆಧಾರ ಹುಡುಕಿದ ಕಲಬುರ್ಗಿಯವರ ಪುಸ್ತಕ ಬೇಕೆಂದರೆ ನಮ್ಮ ತಾಲೂಕಿನ ಎಷ್ಟು ವಾಚನಾಲಯಗಳಲ್ಲಿ ಸಿಕ್ಕೀತು? ಬೋರ್ಡು ಬದಲಿಸಲು ಬಣ್ಣ ಸಾಕು, ಪುಸ್ತಕ ಕೊಳ್ಳಲು ಬಜೆಟ್ ಬೇಕು.

ಮೂರನೆಯ ದಾರಿ ಹುತಾತ್ಮ ಪಟ್ಟ. ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದನ್ನು ಟೀಕಿಸಿದರೆ ಸತ್ತವರಿಗೆ ಅಗೌರವ ಎಂದು ತಿಳಿಯುವವರಿದ್ದಾರೆ.

೨೦೧೫ರ ಆಗಸ್ಟ್ ೩೦, ಭಾನುವಾರ ಬೆಳಿಗ್ಗೆ. ಧಾರವಾಡದ ಕಲ್ಯಾಣನಗರದ ಮನೆಗೆ ಬೈಕಿನಲ್ಲಿ ಬಂದ ಇಬ್ಬರಲ್ಲಿ ಒಬ್ಬ ಬಾಗಿಲು ತಟ್ಟಿದ. ಎಪ್ಪತ್ತಾರರ ಕಲಬುರ್ಗಿ ಹೊರಬಂದರು. ಬಂದವನು ಗುಂಡು ಹಾರಿಸಿ ಬೈಕು ಹತ್ತಿ ಹೋದ. ಅದಕ್ಕೂ ಮುಂಚೆ, ೨೦೧೩ರ ಆಗಸ್ಟ್ ೨೦ರಂದು ಪುಣೆಯಲ್ಲಿ ವಿಚಾರವಾದಿ ನರೇಂದ್ರ ದಾಭೋಲ್ಕರ್ ಹತ್ಯೆಯಾಗಿತ್ತು. ೨೦೧೫ರ ಫೆಬ್ರುವರಿಯಲ್ಲಿ ಎಡಪಂಥೀಯ ನಾಯಕ ಗೋವಿಂದ ಪಾನ್ಸರೆ ಕೊಲ್ಹಾಪುರದಲ್ಲಿ ತಗುಲಿದ ಗುಂಡೇಟಿನಿಂದ ತೀರಿಕೊಂಡಿದ್ದರು. ಆಮೇಲೆ ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಕಲಬುರ್ಗಿ ಮತ್ತು ಗೌರಿ ಇಬ್ಬರನ್ನೂ ಕೊಂದದ್ದು ಒಂದೇ ೭.೬೫ ಎಂ.ಎಂ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ೨೦೧೯ರಲ್ಲಿ ತನಿಖೆ ಗೌರಿ ಪ್ರಕರಣದ ವಿಶೇಷ ತಂಡಕ್ಕೆ ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಹತ್ಯೆಗೂ ಆರೋಪಪಟ್ಟಿಗೂ ನಡುವೆ ನಾಲ್ಕು ವರ್ಷ.

ಆ ಸಾವಿಗೆ ದೇಶ ಮಿಡಿದದ್ದು ನಿಜ. ಹಿಂದಿ ಲೇಖಕ ಉದಯ್ ಪ್ರಕಾಶ್ ಅವರಿಂದ ಶುರುವಾಗಿ ಲೇಖಕರು ಸಾಲುಸಾಲಾಗಿ ಅಕಾಡೆಮಿ ಪ್ರಶಸ್ತಿ ಮರಳಿಸಿದರು. ಕನ್ನಡದಲ್ಲಿ ಎಳೆಯ ಬರಹಗಾರರು ಸಾಹಿತ್ಯ ಪರಿಷತ್ತಿನ ಅರಳು ಪ್ರಶಸ್ತಿಯನ್ನು ವಾಪಸು ಕೊಟ್ಟರು. ಅಷ್ಟಾದ ಮೇಲೆ ಅಕ್ಟೋಬರ್ ೨೩ರಂದು ಕೇಂದ್ರ ಅಕಾಡೆಮಿ ಖಂಡನೆಯ ನಿರ್ಣಯ ಮಾಡಿತು. ಆ ಸಿಟ್ಟು ಬೇಕಿತ್ತು. ಸಿಟ್ಟು ಇಲ್ಲದಿದ್ದರೆ ಆರೋಪಪಟ್ಟಿಗೆ ನಾಲ್ಕಲ್ಲ, ನಲವತ್ತು ವರ್ಷ ಹಿಡಿಯುತ್ತಿತ್ತೋ ಏನೋ.

ಆದರೆ ಸಿಟ್ಟಿನ ಜೊತೆ ಇನ್ನೊಂದೂ ನಡೆಯಿತು. ಎಪ್ಪತ್ತಾರು ವರ್ಷದ ಬಾಳು ಒಂದು ಬೆಳಗಿಗೆ ಇಳಿಯಿತು. ಬೆಂಬಲಿಗರಿಗೆ ಅವರು ಗುಂಡಿಗೆ ಎದೆಕೊಟ್ಟ ವಿಚಾರವಾದಿ. ವಿರೋಧಿಗಳಿಗೆ ೨೦೧೪ರ ಜೂನಿನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ, ಮೂಢನಂಬಿಕೆ ವಿರೋಧಿ ಮಸೂದೆಯ ಚರ್ಚೆ ನಡೆದಾಗ, ಯು.ಆರ್. ಅನಂತಮೂರ್ತಿಯವರ ಬರಹದ ಪ್ರಸಂಗ ಎತ್ತಿ ಮೂರ್ತಿಪೂಜೆಯ ಬಗ್ಗೆ ಆಡಿದ ಒಂದು ಮಾತಿನ ಮನುಷ್ಯ. ಒಬ್ಬರ ಬಳಿ ಒಂದು ಬೆಳಗು, ಇನ್ನೊಬ್ಬರ ಬಳಿ ಒಂದು ವಾಕ್ಯ. ಇಬ್ಬರೂ ಪುಸ್ತಕ ಮುಟ್ಟಿಲ್ಲ.

ಪುಸ್ತಕಕ್ಕೆ ಹೋದರೆ ಬೇರೆಯೇ ಮನುಷ್ಯ ಸಿಗುತ್ತಾರೆ. ಹಸ್ತಪ್ರತಿ ಶಾಸ್ತ್ರ, ಗ್ರಂಥಸಂಪಾದನ ಶಾಸ್ತ್ರ, ನಾಮವಿಜ್ಞಾನ, ಧಾರವಾಡ ಜಿಲ್ಲೆಯ ಶಾಸನಗಳ ಸೂಚಿ, ಶಾಸನಗಳಲ್ಲಿ ಶಿವಶರಣರು: ಈ ಹೆಸರುಗಳನ್ನು ಕೇಳಿದರೇ ಅರ್ಧ ಸಭೆ ಆಕಳಿಸುತ್ತದೆ. ಸರಕಾರ ಹದಿನೈದು ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರು ಅವರೇ. ಬಸವ ಸಮಿತಿಗಾಗಿ ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸುವ ದೊಡ್ಡ ಕೆಲಸದ ಹಿಂದೆಯೂ ಅವರೇ ಇದ್ದರು. ೧೯೯೮ರಿಂದ ೨೦೦೧ರವರೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ. ಕೊನೆಗಾಲದಲ್ಲಿ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರದ ಮೂಲಕ ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಯೋಜನೆಯಲ್ಲಿ ತೊಡಗಿಕೊಂಡಿದ್ದರು. ಹಿಂದೂ ವಿರೋಧಿ ಎಂದು ಬೈಯುವವರೂ, ಬರೀ ಲಿಂಗಾಯತರ ವಕ್ತಾರ ಎಂದು ಮೂಗು ಮುರಿಯುವವರೂ ಈ ಕೊನೆಯ ಕೆಲಸವನ್ನು ತಮ್ಮ ಲೆಕ್ಕದಲ್ಲಿ ಎಲ್ಲಿ ಇಡುತ್ತಾರೋ!

ಇಷ್ಟಕ್ಕೂ ಕಲಬುರ್ಗಿಯವರನ್ನು ಚಳವಳಿಗಾರ ಎನ್ನಬಹುದೇ? ಘೋಷಣೆ ಕೂಗಿದ ಅರ್ಥದಲ್ಲಿ ಅಲ್ಲ. ಅವರ ಚಳವಳಿ ಕಪಾಟಿನ ಬೀಗ ತೆಗೆಸುವುದಾಗಿತ್ತು. ಮಠದ ಕಟ್ಟಿನಲ್ಲಿ, ಕಲ್ಲಿನ ಬೆನ್ನ ಮೇಲೆ, ಫಾರಸಿ ಬಲ್ಲ ನಾಲ್ಕು ಜನರ ಕೈಯಲ್ಲಿ ಸಿಕ್ಕಿಕೊಂಡ ಮಾತನ್ನು ಹೊರಗೆಳೆದು, ಅಗ್ಗದ ಬೆಲೆಗೆ, ಓದಲು ಬರುವ ಕನ್ನಡದಲ್ಲಿ ಜನರ ಮುಂದೆ ಹಾಕುವುದು. ಹಾಕಿದ ಮೇಲೆ ಅದರ ಬಗ್ಗೆ ಹೆದರದೆ ಅರ್ಥ ಹೇಳುವುದು. ತೊಂದರೆ ಬಂದದ್ದು ಈ ಎರಡನೆಯದರಿಂದ.

‘ಮಾರ್ಗ’ದ ಮೊದಲ ಸಂಪುಟದಲ್ಲಿ ಚನ್ನಬಸವಣ್ಣನ ಹುಟ್ಟು ಮತ್ತು ಬಸವಣ್ಣನ ಪತ್ನಿ ನೀಲಾಂಬಿಕೆಯ ಬಗ್ಗೆ ಬರೆದದ್ದಕ್ಕೆ ೧೯೮೯ರಲ್ಲಿ ಅವರ ಲಿಂಗಾಯತ ಸಮಾಜವೇ ಅವರ ಮೇಲೆ ಮುಗಿಬಿತ್ತು. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಅವರು ನೊಂದು ಹೇಳಿದ್ದರು. ನಮ್ಮ ಸ್ಮರಣ ಸಭೆಗಳು ೧೯೮೯ನ್ನು ದಾಟಿ ನೇರ ೨೦೧೫ಕ್ಕೆ ಜಿಗಿಯುವುದು ಯಾಕೆ ಗೊತ್ತೇ? ೨೦೧೫ರಲ್ಲಿ ತಪ್ಪು ಹೊರಗಿನವರದು. ೧೯೮೯ರಲ್ಲಿ ತಪ್ಪು ನಮ್ಮವರದು. ೨೦೧೭ರಲ್ಲಿ ಬೀದರ, ಕಲಬುರಗಿಗಳಲ್ಲಿ ಪ್ರತ್ಯೇಕ ಲಿಂಗಾಯತ ಧರ್ಮದ ಸಮಾವೇಶಗಳಾದಾಗ ಅವರ ವಾದಗಳು ವೇದಿಕೆ ಹತ್ತಿದವು. ಅವರನ್ನು ಒಮ್ಮೆ ಬಾಯಿ ಮುಚ್ಚಿಸಿದ ಸಮಾಜವೇ ಅವರ ಮಾತನ್ನು ಎರವಲು ಪಡೆದು ಮೈಕಿಗೆ ಹೇಳಿತು. ಚರಿತ್ರೆ ಇಂಥ ತಮಾಷೆ ಮಾಡುತ್ತದೆ.

ಸಾಕೇತ್ ರಾಜನ್ ಅವರದು ಇನ್ನೂ ಕಷ್ಟದ ಪ್ರಕರಣ. ‘ಸಾಕಿ’ ಎಂಬ ಹೆಸರಿನಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ‘ಮೇಕಿಂಗ್ ಹಿಸ್ಟರಿ’ಯ ಎರಡು ಸಂಪುಟಗಳು ಕರ್ನಾಟಕದ ಕಥೆಯನ್ನು ರಾಜವಂಶದ ಬದಲು ದುಡಿಯುವ ಜನರ ಕಡೆಯಿಂದ ಹೇಳಲು ಹೊರಟವು. ಆಲೂರರ ಪುಸ್ತಕದಲ್ಲಿ ಕಾಣದೆಹೋದವರು ಇದರಲ್ಲಿ ನಡುಮನೆಗೆ ಬಂದರು. ಬರೆದವರು ಬಂದೂಕು ಹಿಡಿದ ನಕ್ಸಲ್ ನಾಯಕ. ೨೦೦೫ರ ಫೆಬ್ರುವರಿ ೬ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ಪೊಲೀಸರ ಗುಂಡಿಗೆ ಸತ್ತರು. ವಾರ ಕಳೆಯುವುದರೊಳಗೆ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ಸೇಡಿನ ದಾಳಿಯಾಗಿ ಬಡವರ ಮಕ್ಕಳೇ ಆದ ಪೊಲೀಸರು ಸತ್ತರು. ಸತ್ತ ಇತಿಹಾಸಕಾರನನ್ನು ಹೀಗೂ ನೆನೆಯುವುದುಂಟು. ಇದಕ್ಕಿಂತ ಕೆಟ್ಟ ಸ್ಮರಣೆ ನನಗೆ ಗೊತ್ತಿಲ್ಲ. ಸಾಕೇತರ ದಾರಿ ನನಗೆ ಒಪ್ಪಿಗೆಯಿಲ್ಲ. ಪುಸ್ತಕ ಮಾತ್ರ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತೇನೆ, ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು.

ಪಾನ್ಸರೆಯವರ ವಿಷಯದಲ್ಲಿ ಮರಾಠಿಗರು ನಮಗಿಂತ ವಾಸಿ ಅನ್ನಿಸುತ್ತದೆ. ೧೯೮೮ರ ಅವರ ‘ಶಿವಾಜಿ ಕೋಣ್ ಹೋತಾ?’ ಒಂದು ಸಣ್ಣ ಹೊತ್ತಿಗೆ. ಶಿವಾಜಿಯನ್ನು ರೈತರ ರಾಜನಾಗಿ ಓದುವ ಯತ್ನ. ಅವರು ಸತ್ತ ಮೇಲೆ ಅದನ್ನು ಕೇಳಿ ಕೊಳ್ಳುವವರು ಹೆಚ್ಚಿದರು. ಬೆಳಗಿನ ತಿರುಗಾಟದಲ್ಲಿ ಅವರಿಗೆ ಗುಂಡು ತಗುಲಿತ್ತು. ಆದ್ದರಿಂದ ಸಂಗಾತಿಗಳು ‘ನಿರ್ಭಯ ಮಾರ್ನಿಂಗ್ ವಾಕ್’ ಶುರು ಮಾಡಿದರು. ನಮ್ಮಲ್ಲಿ ಧಾರವಾಡದ ಕಲಬುರ್ಗಿ ಪ್ರತಿಷ್ಠಾನ ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಲ್ಲಿ ತಂದದ್ದು ದೊಡ್ಡ ಕೆಲಸವೇ. ಆದರೆ ಜೇಬಿನಲ್ಲಿ ಹಿಡಿಯುವ, ಬಸ್ಸಿನಲ್ಲಿ ಓದುವ ಒಂದು ಕಲಬುರ್ಗಿ ಹೊತ್ತಿಗೆ ನಮ್ಮೂರ ಹುಡುಗರ ಕೈಗೆ ತಲುಪಿಲ್ಲ.

ದೂರದ ಗಯಾನಾದ ಒಂದು ಸಂಗತಿಯನ್ನೂ ಹೇಳಬೇಕು. ಯುರೋಪು ಆಫ್ರಿಕಾವನ್ನು ಹೇಗೆ ಹಿಂದಕ್ಕೆ ತಳ್ಳಿತು ಎಂದು ೧೯೭೨ರಲ್ಲಿ ಬರೆದ ವಾಲ್ಟರ್ ರಾಡ್ನಿ, ಮೂವತ್ತೆಂಟನೇ ವಯಸ್ಸಿನಲ್ಲಿ, ೧೯೮೦ರ ಜೂನ್ ೧೩ರಂದು ಜಾರ್ಜ್‌ಟೌನಿನಲ್ಲಿ ಬಾಂಬಿಗೆ ಬಲಿಯಾದರು. ಅವರ ಮರಣ ಪ್ರಮಾಣಪತ್ರದಲ್ಲಿ ಉದ್ಯೋಗದ ಕಾಲಮ್ಮಿನಲ್ಲಿ ‘ನಿರುದ್ಯೋಗಿ’ ಎಂದು ಬರೆದಿತ್ತು. ೨೦೨೧ರಲ್ಲಿ ಅಲ್ಲಿನ ಸರಕಾರ ಅದನ್ನು ‘ಪ್ರೊಫೆಸರ್’ ಎಂದು ತಿದ್ದಲು ತೀರ್ಮಾನಿಸಿತು. ನಲವತ್ತು ವರ್ಷ ಬಿಟ್ಟು ಒಂದು ಶಬ್ದದ ತಿದ್ದುಪಡಿ. ನನಗೆ ಇದು ನೂರು ಪ್ರತಿಮೆಗಿಂತ ಹೆಚ್ಚು ಹಿಡಿಸಿತು, ಏಕೆಂದರೆ ಇದು ಇತಿಹಾಸಕಾರನ ಕಸುಬಿನದೇ ಕೆಲಸ: ದಾಖಲೆ ತೆಗೆ, ತಪ್ಪು ಹಿಡಿ, ತಿದ್ದು. ಸಂಶೋಧನೆಗೆ ಅಲ್ಪವಿರಾಮವುಂಟು, ಪೂರ್ಣವಿರಾಮವಿಲ್ಲ ಎಂದು ಕಲಬುರ್ಗಿಯವರೂ ಹೇಳುತ್ತಿದ್ದರು. ಅವರ ಮಾತಿಗೆ ಪೂರ್ಣವಿರಾಮ ಇಟ್ಟವರಲ್ಲಿ ಕೊಂದವರ ಜೊತೆ, ಒಂದೇ ಒಂದು ತಕರಾರೂ ಎತ್ತದೆ ಕೈಮುಗಿಯುವ ನಾವೂ ಇದ್ದೇವೆ.

ಹಾಗಾದರೆ ನಮ್ಮ ಕಡೆ ತಿದ್ದಲು, ಓದಲು ಏನಿದೆ? ಕೇಳುವವರಿಗೆ ನಾನು ನಾಲ್ಕು ಊರು ತೋರಿಸುತ್ತೇನೆ.

ಚಿತ್ತಾಪುರ ತಾಲೂಕಿನ ಸನ್ನತಿ. ೧೯೮೬ರಲ್ಲಿ ಚಂದ್ರಲಾಂಬೆಯ ಗುಡಿ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠದ ಕಲ್ಲು ಹೊರಬಿದ್ದಾಗ ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ತೂತು ಕೊರೆದು ಕೆಲವು ಅಕ್ಷರ ಹೋಗಿದ್ದವು. ಉಳಿದದ್ದರಲ್ಲಿ ಅಶೋಕನ ಹನ್ನೆರಡನೆಯ ಶಾಸನವೂ ಇದೆ. ನಿನ್ನ ಪಂಥ ಹೊಗಳುವಾಗಲೂ ಇನ್ನೊಬ್ಬರ ಪಂಥ ತೆಗಳುವಾಗಲೂ ನಾಲಿಗೆ ಹಿಡಿತದಲ್ಲಿರಲಿ ಎನ್ನುವ ಶಾಸನ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಶೋಕ’ ಎಂದು ಹೆಸರು ಕೊರೆದ ಶಿಲ್ಪವೇ ಸಿಕ್ಕಿತು.

ಚಿತ್ತಾಪುರಕ್ಕೆ ಅಂಟಿಕೊಂಡ ನಾಗಾವಿ. ೧೦೫೮ರ ಶಾಸನ ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ ಇನ್ನೂರು ವಿದ್ಯಾರ್ಥಿಗಳ ಲೆಕ್ಕ ಕೊಡುತ್ತದೆ. ನನಗೆ ಇಷ್ಟವಾದದ್ದು ಇನ್ನೊಂದು ಲೆಕ್ಕ: ಆರು ಜನ ಸರಸ್ವತೀ ಭಂಡಾರಿಗರು. ಎಂದರೆ ಪುಸ್ತಕ ಕಾಯುವವರು. ಸಾವಿರ ವರ್ಷದ ಹಿಂದೆ ಒಂದು ಸಾಲೆಗೆ ಆರು ಗ್ರಂಥಪಾಲಕರು.

ಸೇಡಂ. ಹಳೆಯ ಹೆಸರು ಸೇಡಿಂಬ. ೧೧೨೪ರ ಶಾಸನದ ಪ್ರಕಾರ ಇಲ್ಲಿನ ಮುನ್ನೂರು ಮಹಾಜನರು, ನಾರಾಯಣನ ಭಕ್ತರು, ಜೊತೆಗೆ ಜ್ವಾಲಾಮಾಲಿನಿಯನ್ನೂ ಆರಾಧಿಸುವವರು, ಶಾಂತಿನಾಥನಿಗೆ ಬಸದಿ ಕಟ್ಟಿಸಿದರು. ತಮ್ಮ ಮಂತ್ರಬಲದಿಂದ ಕಂಚಿಯ ಕೋಟೆ ಬಾಗಿಲು ಮುರಿದವರೆಂದೂ ಆ ಕಲ್ಲು ಅವರನ್ನು ಹೊಗಳುತ್ತದೆ! ಯಾವ ಜಾತಿ ಯಾವ ದೇವರಿಗೆ ಸೇರಿದ್ದು ಎಂದು ಇವತ್ತು ಗೆರೆ ಎಳೆದು ಕೂತವರಿಗೆ ಈ ಕಲ್ಲು ದೊಡ್ಡ ತಲೆನೋವು. ಸೇಡಂ, ಮಳಖೇಡ, ಅಡಕಿಗಳ ಜೈನ ಶಾಸನಗಳನ್ನು ಪಿ.ಬಿ. ದೇಸಾಯಿಯವರು ೧೯೫೭ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಓದಿ ಕೊಟ್ಟರು. ಹನುಮಾಕ್ಷಿ ಗೋಗಿಯವರಂಥವರು ಆ ಕೆಲಸವನ್ನು ಕನ್ನಡದಲ್ಲಿ ಮುಂದುವರಿಸಿದರು. ಕಲಬುರ್ಗಿಯವರನ್ನು ನಿಜವಾಗಿ ನೆನೆಯುವವರ ಪಟ್ಟಿ ಮಾಡಿದರೆ ನಾನು ಭಾಷಣಕಾರರಿಗಿಂತ ಮೊದಲು ಇಂಥವರನ್ನು ಬರೆಯುತ್ತೇನೆ.

ನಾಲ್ಕನೆಯ ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಅದು ಯಾವ ಊರಾದರೂ ಆಗಬಹುದು. ಬಾವಿಯ ಪಕ್ಕ ಒಂದು ಕಲ್ಲು. ಮೊದಲ ನೋಟಕ್ಕೆ ಶಹಾಬಾದ ಫರ್ಸಿ ಅನ್ನಿಸಿತು. ನೀರು ಸುರಿದಾಗ ಅಂಚಿನಲ್ಲಿ ಸೂರ್ಯ, ಚಂದ್ರ, ಕರುವಿಗೆ ಮೊಲೆಯೂಡುವ ಆಕಳು ಕಂಡವು. ಕೆಳಗೆ ಸವೆದ ಸಾಲುಗಳು. ಅದರ ಮೇಲೆ ಅರಿವೆ ಒಗೆಯುತ್ತಿದ್ದ ಮುದುಕಿಯನ್ನು ಮಾತಾಡಿಸಿದೆ.

‘ಯವ್ವಾ, ಈ ಕಲ್ಲು ಯಾವಾಗಿಂದ ಅದ?’

‘ನಾ ನಡೀಲಾಕ ಬಂದಾಗಿಂದ ಅದರಿ ಸರ. ಅರಿಬಿ ಒಗಿಲಾಕ ಛಲೋ ಅದ. ಆದ್ರ ಬರದದ್ದು ಓದಬ್ಯಾಡ್ರಿ ಮತ್ತ. ಬುಡಕ ಹೊನ್ನಿನ ಕೊಡ ಅದಂತ. ರಾತ್ರಿ ಬಂದು ಅಗೀತಾರ.’

ನಿಧಿಯಾಸೆಗೆ ಅಗೆದು ಒಡೆದ ಶಾಸನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅವಳ ಹೆದರಿಕೆ ನನಗೆ ಮೌಢ್ಯ ಅನ್ನಿಸಲಿಲ್ಲ. ಕಲ್ಲನ್ನು ಅವಳು ತನ್ನ ರೀತಿಯಲ್ಲಿ ಕಾಯುತ್ತಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆಯ ಗುಡಿಯಲ್ಲಿ ಇನ್ನೊಂದು ಶಾಸನವಿತ್ತು. ಜಾತ್ರೆಗೆಂದು ಅದಕ್ಕೆ ಸುಣ್ಣ ಬಳಿದು, ಅದರ ಮೇಲೆ ಆಯಿಲ್ ಪೇಂಟಿನಲ್ಲಿ ದೇಣಿಗೆ ಕೊಟ್ಟವರ ಹೆಸರು ಬರೆದಿದ್ದರು. ಹಳೆಯ ದಾನಿಯ ಹೆಸರಿನ ಮೇಲೆ ಹೊಸ ದಾನಿಯ ಹೆಸರು.

ಈ ಸಲ ಆಗಸ್ಟ್ ೩೦ಕ್ಕೆ ನಮ್ಮ ಕಡೆ ಸಭೆ ಮಾಡುವವರಲ್ಲಿ ಒಂದು ಕೇಳಿಕೆ. ಮೈಕಿನವನಿಗೆ ಆ ದಿನ ರಜೆ ಕೊಡಿ. ಸಾಲೆಯ ಹತ್ತು ಮಕ್ಕಳನ್ನು ಕರೆದುಕೊಂಡು ನಿಮ್ಮೂರಿನ ಅಕ್ಷರದ ಕಲ್ಲಿನ ಹತ್ತಿರ ಹೋಗಿ. ಬೆಳಿಗ್ಗೆ ಏಳು, ಏಳೂವರೆಗೆ ಹೋಗಿ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಷ್ಷು, ಆ್ಯಸಿಡ್ಡು ಬೇಡ. ನೀರು ಮತ್ತು ತೆಂಗಿನ ನಾರು ಸಾಕು. ಅಕ್ಷರ ಕೆರೆಯಬೇಡಿ, ಅಕ್ಷರದೊಳಗೆ ಸೀಮೆಸುಣ್ಣ ತುಂಬಬೇಡಿ. ಮೊಬೈಲಿನಲ್ಲಿ ಎದುರಿಂದ ಒಂದು, ಓರೆಯಿಂದ ಎರಡು ಫೋಟೋ ತೆಗೆದು, ಊರು, ಗುಡಿ, ತಾರೀಕು ಬರೆದು ಹತ್ತಿರದ ಕಾಲೇಜಿನ ಕನ್ನಡ ಅಥವಾ ಇತಿಹಾಸ ಮೇಷ್ಟ್ರಿಗೆ ಕಳಿಸಿ. ಸುಣ್ಣ ಬಳಿಯಲು ಬಂದವರಿಗೆ ಪಕ್ಕದ ಗೋಡೆ ತೋರಿಸಿ.